ಸಮುದ್ರ ಸೇರುವ ನೀರೆಲ್ಲ ವ್ಯರ್ಥವೇ?

ಭೂಗೋಳದ ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಒಂದು. ಏಳೆಂಟು ನೂರು ಮಿಲಿಮೀಟರ್ ಬಿದ್ದರೆ ಸಾಕೆನ್ನುವ ಊರು ಇನ್ನೊಂದು. ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ತತ್ವಾರ ಬರುವುದು ಯಾವ ಊರಿಗೆ?

ಎರಡನೆಯ ಊರಿಗೆ ಎಂದು ಹಾವೇರಿಯ ಯಾವ ವಿದ್ಯಾರ್ಥಿಯಾದರೂ ಥಟ್ಟನೆ ಹೇಳಬಹುದು. ಆ ಎರಡನೆಯ ಊರು ನಮ್ಮದೇ ಆದ್ದರಿಂದ, ನಳದ ಮುಂದೆ ಕೊಡ ಸಾಲಿಟ್ಟು ಕಾದ ಅನುಭವದಿಂದಲೇ ಆ ಉತ್ತರ ಬರುತ್ತದೆ. ಆದರೆ ಅದಕ್ಕೆ ಅರ್ಧ ಅಂಕ ಮಾತ್ರ. ಸರಿಯಾದ ಉತ್ತರ, ‘ಎರಡೂ ಊರಿಗೆ’. ಮೊದಲನೆಯ ಊರು ಮಂಗಳೂರು. ಅಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವ ಮಳೆ ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆಗಿಂತ ಹೆಚ್ಚು. ಆದರೂ 2016ರ, 2019ರ ಮತ್ತು 2023ರ ಬೇಸಿಗೆಯಲ್ಲಿ ಆ ಊರಿನ ಜನ ಸರದಿಯ ಮೇಲೆ ನೀರು ಪಡೆಯಬೇಕಾಯಿತು. ಅದೇ 2019ರಲ್ಲಿ ನೆರೆಯ ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿ, ನದಿಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪಿನಿಂದ ಎತ್ತಿ ತರಬೇಕಾಯಿತು.

ಇಷ್ಟು ಮಳೆಯ ನಾಡಿಗೆ ಇದೆಂಥ ಬಾಯಾರಿಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಮ್ಮ ಜಿಲ್ಲೆಯಲ್ಲಿ ಪದೇ ಪದೇ ಕೇಳಿಬರುವ ಇನ್ನೊಂದು ಮಾತನ್ನೂ ಪರೀಕ್ಷಿಸಬೇಕಾಗುತ್ತದೆ. ‘ಘಟ್ಟದ ನೀರೆಲ್ಲ ವ್ಯರ್ಥವಾಗಿ ಸಮುದ್ರ ಸೇರುತ್ತಿದೆ, ಅದನ್ನು ಇತ್ತ ತಿರುಗಿಸಿದರೆ ನಮ್ಮ ಬವಣೆ ತಪ್ಪುತ್ತದೆ’ ಎಂಬ ಮಾತು ಅದು. ಸಭೆಗಳಲ್ಲಿ, ಮನವಿ ಪತ್ರಗಳಲ್ಲಿ, ಕಟ್ಟೆಯ ಹರಟೆಯಲ್ಲಿ ಎಲ್ಲರೂ ಇದನ್ನು ಆಡುತ್ತಾರೆ. ಮಕ್ಕಳೂ ಪ್ರಬಂಧದಲ್ಲಿ ಬರೆಯುತ್ತಾರೆ. ಅದು ಎಷ್ಟು ನಿಜವೆಂದು ತಿಳಿಯಲು ಮೊದಲು ಘಟ್ಟ ಇಳಿದು ತುಂಬೆಗೆ ಹೋಗಿಬರೋಣ.

ತುಂಬೆ ಎಂದೊಡನೆ ನಮಗೆ ಶಿವಪೂಜೆಯ ಪುಟ್ಟ ಬಿಳಿ ಹೂವು ನೆನಪಾಗುತ್ತದೆ. ದಕ್ಷಿಣ ಕನ್ನಡದವರಿಗೆ ನೆನಪಾಗುವುದು ಬಂಟ್ವಾಳ ತಾಲೂಕಿನ ಒಂದು ಊರು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ನೇತ್ರಾವತಿ ನದಿಯ ದಂಡೆಯ ಮೇಲೆ ಅದು ಇದೆ. ಅಲ್ಲಿ ನದಿಗೆ ಅಡ್ಡಲಾಗಿ ಒಂದು ಕಿಂಡಿ ಅಣೆಕಟ್ಟು ಕಟ್ಟಿದ್ದಾರೆ. ಮಂಗಳೂರು ಕುಡಿಯುವ ನೀರು ಮುಖ್ಯವಾಗಿ ಬರುವುದು ಅಲ್ಲಿಂದ.

ಕಿಂಡಿ ಅಣೆಕಟ್ಟೆಂದರೆ ನಮ್ಮ ಕಡೆಯ ಬಾಂದಾರದ ಹಾಗೆಯೇ. ತುಂಗಭದ್ರಾ ಅಥವಾ ಲಿಂಗನಮಕ್ಕಿಯಂಥ ದೊಡ್ಡ ಜಲಾಶಯವನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ನದಿಗೆ ಅಡ್ಡಲಾಗಿ ಕಂಬಗಳು, ಕಂಬಗಳ ನಡುವೆ ಕಿಂಡಿಗಳು, ಕಿಂಡಿಗಳಿಗೆ ಗೇಟುಗಳು. ಮಳೆಗಾಲದಲ್ಲಿ ಗೇಟು ಎತ್ತಿಬಿಡುತ್ತಾರೆ. ಆಗ ನದಿ ಅಡ್ಡಿಯಿಲ್ಲದೆ ಹರಿಯುತ್ತದೆ, ತಾನು ತಂದ ಮಣ್ಣು ಮರಳನ್ನೂ ಒಯ್ಯುತ್ತದೆ. ಮಳೆ ನಿಂತು ಹರಿವು ಕಡಿಮೆಯಾದ ಮೇಲೆ ಗೇಟು ಇಳಿಸುತ್ತಾರೆ. ಆಗ ನದಿಯ ಪಾತ್ರವೇ ಉದ್ದನೆಯ ತೊಟ್ಟಿಯಾಗುತ್ತದೆ. ತುಂಬೆಯ ಹಳೆಯ ಕಟ್ಟೆಯಲ್ಲಿ 4 ಮೀಟರ್ ಎತ್ತರದವರೆಗೆ ನೀರು ನಿಲ್ಲುತ್ತಿತ್ತು. ಊರು ಬೆಳೆದಂತೆ ಅದು ಸಾಲದಾಗಿ ಹತ್ತಿರದಲ್ಲೇ ಹೊಸ ಅಣೆಕಟ್ಟು ಕಟ್ಟಿದರು. ಅದರ ವಿನ್ಯಾಸ 7 ಮೀಟರಿನದು. ವಾಡಿಕೆಯಲ್ಲಿ 6 ಮೀಟರಿನವರೆಗೆ ನಿಲ್ಲಿಸುತ್ತಾರೆ. ನೀರಿನ ಮಟ್ಟ ಏರಿದಾಗ ಮೇಲ್ದಂಡೆಯ ಕೆಲವು ರೈತರ ಅಡಿಕೆ, ತೆಂಗಿನ ತೋಟಗಳಿಗೂ ನೀರು ಬಂತು. ಒಂದು ಪಟ್ಟಣದ ಕೊಡ ತುಂಬಿಸಲು ಇನ್ನೊಬ್ಬರ ತೋಟ ಮುಳುಗುತ್ತದೆ ಎಂಬ ಪಾಠ ದೊಡ್ಡ ಅಣೆಕಟ್ಟಿಗೆ ಹೇಗೋ ಸಣ್ಣದಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಪೆನ್ಸಿಲ್ ತೆಗೆದುಕೊಂಡು ಕೂಡಬಹುದು.

ತುಂಬೆಯಿಂದ ದಿನಕ್ಕೆ ಸುಮಾರು 160 ಎಂಎಲ್‌ಡಿ ನೀರು ಎತ್ತುತ್ತಾರೆ. ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರು. ಅಂದರೆ ದಿನಕ್ಕೆ 16 ಕೋಟಿ ಲೀಟರು. ನಾವು ಪತ್ರಿಕೆಯಲ್ಲಿ ದಿನವೂ ಓದುವ ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಹೇಳುವುದಾದರೆ ಸುಮಾರು 2,832 ಕೋಟಿ. ಹದಿನಾರು ಕೋಟಿಯನ್ನು 365ರಿಂದ ಗುಣಿಸಿ, 2,832 ಕೋಟಿಯಿಂದ ಭಾಗಿಸಿ. ಬರುವ ಉತ್ತರ ಎರಡು ಟಿಎಂಸಿಗಿಂತ ಕೂದಲೆಳೆಯಷ್ಟು ಹೆಚ್ಚು. ಮಂಗಳೂರಿನಂಥ ನಗರ ಇಡೀ ವರ್ಷ ಬಳಸುವ ನೀರು ಇಷ್ಟೇ. ನೇತ್ರಾವತಿಯಲ್ಲಿ ವರ್ಷಕ್ಕೆ ಹರಿಯುವುದು ನೂರಾರು ಟಿಎಂಸಿ.

ನೂರಾರು ಟಿಎಂಸಿ ಹರಿಯುವ ನದಿಯ ದಂಡೆಯಲ್ಲಿ ಎರಡು ಟಿಎಂಸಿಗೆ ಬರಗಾಲ! ಲೆಕ್ಕ ಎಲ್ಲಿ ತಪ್ಪಿತು?

ಲೆಕ್ಕ ಸರಿಯಾಗಿಯೇ ಇದೆ, ನಾವು ಕ್ಯಾಲೆಂಡರ್ ನೋಡಿರಲಿಲ್ಲ ಅಷ್ಟೆ. ಕರಾವಳಿಯ ವರ್ಷದ ಮಳೆಯಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ನದಿಯೂ ಉದ್ದವಾದುದಲ್ಲ. ಘಟ್ಟದ ನೆತ್ತಿಯಿಂದ ಕಡಲಿಗೆ ಸುಮಾರು ನೂರು ಕಿಲೋಮೀಟರು. ನಮ್ಮ ತುಂಗಭದ್ರೆ ಕೂಡಲಿಯಿಂದ ಹೊರಟು ಕೃಷ್ಣೆಯನ್ನು ಸೇರಲು 531 ಕಿಲೋಮೀಟರ್ ನಡೆಯುತ್ತಾಳೆ. ನೇತ್ರಾವತಿ ಕಡಿದಾದ ಇಳಿಜಾರಿನಲ್ಲಿ ಓಡುತ್ತಾಳೆ. ಘಟ್ಟದಲ್ಲಿ ಜಡಿಮಳೆ ಹಿಡಿದರೆ ಬಂಟ್ವಾಳದ ಪೇಟೆಗೆ ನೀರು ನುಗ್ಗಲು ಹೆಚ್ಚು ಹೊತ್ತು ಬೇಡ. ಅಲ್ಲಿನವರು 1923ರ ಮತ್ತು 1974ರ ಮಹಾನೆರೆಗಳನ್ನು ಇಂದಿಗೂ ಹೇಳುತ್ತಾರೆ. ಆ ನೆರೆನೀರು ಬೇಸಿಗೆಯ ಪಾಲಿಗೆ ಇಲ್ಲದ್ದೇ. ಹರಿದುಹೋದ ಜುಲೈ ನೀರನ್ನು ಮೇ ತಿಂಗಳಲ್ಲಿ ಯಾರೂ ಕುಡಿಯಲಾರರು.

ಮತ್ತೊಂದು ಲೆಕ್ಕ ನೋಡಿ. ಮಳೆಯಿಲ್ಲದ ನೂರು ದಿನಕ್ಕೆ ದಿನಕ್ಕೆ 16 ಕೋಟಿ ಲೀಟರಿನಂತೆ ಬೇಕಾಗುವುದು 1,600 ಕೋಟಿ ಲೀಟರು, ಅಂದರೆ ಅರ್ಧ ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಆರು ಮೀಟರಿನ ತೊಟ್ಟಿ ತುಂಬಿದ್ದರೂ ಅದು ಬೇಸಿಗೆಯನ್ನು ದಾಟಿಸಬೇಕಾದರೆ ಮೇಲಿನಿಂದ ಸಣ್ಣಗಾದರೂ ಒಳಹರಿವು ಬರುತ್ತಲೇ ಇರಬೇಕು. ಬೇಸಿಗೆಯಲ್ಲಿ ಆ ಸಣ್ಣ ಹರಿವು ಎಲ್ಲಿಂದ ಬರುತ್ತದೆ? ಘಟ್ಟದ ಕಾಡಿನಿಂದ. ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲು, ಎಲೆಗಳು ಕೊಳೆತು ಮೆತ್ತಗಾದ ನೆಲ ಇವೆಲ್ಲ ಮಳೆಗಾಲದಲ್ಲಿ ನೀರು ಕುಡಿದು, ಆಮೇಲೆ ತಿಂಗಳುಗಟ್ಟಲೆ ಒಸರುತ್ತವೆ. ಆ ಒಸರೇ ಝರಿಯಾಗಿ, ಹಳ್ಳವಾಗಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯೊಂದಿಗೆ ಕೂಡಿ, ಕೊನೆಗೆ ತುಂಬೆಯ ಗೇಟಿಗೆ ಬಂದು ನಿಲ್ಲುತ್ತದೆ. ಮಂಗಳೂರಿನ ನಿಜವಾದ ಜಲಾಶಯ ಇರುವುದು ಘಟ್ಟದ ಮೇಲೆ. ತುಂಬೆಯಲ್ಲಿರುವುದು ಅದರ ಬಾಯಿಗಿಟ್ಟ ಬಟ್ಟಲು.

ಆ ಒಸರಿಗೂ ಪಾಲುದಾರರು ಬಹಳ. ದಾರಿಯುದ್ದಕ್ಕೂ ತೋಟಗಳ ಪಂಪುಗಳಿವೆ, ಕೈಗಾರಿಕೆಗಳ ಪೈಪುಗಳಿವೆ. ತುಂಬೆಯ ಮೇಲ್ಗಡೆ ಶಂಭೂರಿನಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಇನ್ನೊಂದು ಅಣೆಕಟ್ಟಿದೆ. ಬೇಸಿಗೆಯಲ್ಲಿ ತುಂಬೆಯ ಮಟ್ಟ ಇಳಿದಾಗ ಅಲ್ಲಿಂದ ನೀರು ಬಿಡಿಸಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ ಒಂದೆರಡು ಅಡ್ಡಮಳೆ ಬಿದ್ದರೆ ಊರು ನಿಟ್ಟುಸಿರು ಬಿಡುತ್ತದೆ. ಬೀಳದಿದ್ದರೆ ಅಧಿಕಾರಿಗಳು ದಿನ ಬೆಳಗಾದರೆ ಅಳತೆಪಟ್ಟಿ ನೋಡಿ, ಇಂದು ಐದು, ನಾಳೆ ನಾಲ್ಕೂವರೆ ಎಂದು ಎಣಿಸುತ್ತ ಕೂಡುತ್ತಾರೆ.

ಇನ್ನು ಕೆಳಗಿನಿಂದ ಬರುವ ಕಾಟ. ಸಮುದ್ರಕ್ಕೆ ದಿನಕ್ಕೆರಡು ಸಲ ಉಬ್ಬರವಿಳಿತ ಇರುವುದನ್ನು ಪಾಠದಲ್ಲಿ ಓದಿದ್ದೀರಿ. ಉಬ್ಬರ ಬಂದಾಗ ಉಪ್ಪುನೀರು ನದಿಯೊಳಕ್ಕೆ ಏರುತ್ತದೆ. ಮಳೆಗಾಲದಲ್ಲಿ ನದಿ ಅದನ್ನು ರಭಸದಿಂದ ಆಚೆ ತಳ್ಳುತ್ತದೆ. ಬೇಸಿಗೆಯಲ್ಲಿ ನದಿಗೆ ಆ ತ್ರಾಣ ಇರುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ಭಾರ. ಅದು ನದಿಯ ತಳ ಹಿಡಿದು ಕಿಲೋಮೀಟರುಗಟ್ಟಲೆ ಒಳನುಗ್ಗುತ್ತದೆ. ಮೇಲಿನ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ದಂಡೆಯ ಮನೆಯ ಬಾವಿಯ ನೀರು ಮಾತ್ರ ಬಾಯಿಗಿಡಲಾಗದಂತೆ ಉಪ್ಪಾಗುತ್ತದೆ. ಕರಾವಳಿಯ ಕಟ್ಟೆಗಳು ಸಿಹಿನೀರನ್ನು ಹಿಡಿಯಲು ಎಷ್ಟು ಬೇಕೋ ಉಪ್ಪುನೀರನ್ನು ತಡೆಯಲೂ ಅಷ್ಟೇ ಬೇಕು. ತುಂಬೆಯ ಕೆಳಗೆ ಹರೇಕಳ ಮತ್ತು ಅಡ್ಯಾರಿನ ನಡುವೆ ಈಚೆಗೆ ಇನ್ನೊಂದು ಕಿಂಡಿ ಅಣೆಕಟ್ಟು ಎದ್ದದ್ದು ಇದೇ ಕಾರಣಕ್ಕೆ.

ಈಗ ನಮ್ಮ ಮೊದಲಿನ ಮಾತಿಗೆ ಬರೋಣ. ಸಮುದ್ರ ಸೇರುವ ನೀರು ವ್ಯರ್ಥವೇ? ಕೆಳಗೆ ಹರಿಯುವ ಸಿಹಿನೀರೇ ಉಪ್ಪನ್ನು ಆಚೆ ತಳ್ಳಿ ಬಾವಿಗಳನ್ನು ಕಾಯುತ್ತದೆ. ನದಿ ಒಯ್ಯುವ ಮರಳು ಕಡಲ ದಂಡೆಯನ್ನು ಕಟ್ಟುತ್ತದೆ. ಅದು ಒಯ್ಯುವ ಗೊಬ್ಬರದಂಥ ಮಣ್ಣಿನಿಂದ ಅಳಿವೆಯಲ್ಲಿ ಮೀನು, ಸಿಗಡಿ, ಮರುವಾಯಿ ಬೆಳೆಯುತ್ತವೆ. ಅದನ್ನೇ ನಂಬಿದ ಮೀನುಗಾರರ ಮನೆಯಲ್ಲಿ ಒಲೆ ಉರಿಯುತ್ತದೆ. ನದಿಯ ನೀರಿಗೆ ಕಡಲಿನ ಬಾಯಲ್ಲಿಯೂ ಕೆಲಸವಿದೆ. ನಮ್ಮ ಹೊಲಕ್ಕೆ ಬಂದರೆ ಉಪಯೋಗ, ಅವರ ಕಡಲಿಗೆ ಹೋದರೆ ವ್ಯರ್ಥ ಎನ್ನುವುದು ಲೆಕ್ಕವಾಗುವುದಿಲ್ಲ.

ಹಾಗೆಂದು ಕರಾವಳಿಯವರ ವಾದವೆಲ್ಲ ಸರಿ, ಬಯಲುಸೀಮೆಯವರದೆಲ್ಲ ತಪ್ಪು ಎನ್ನುವುದೂ ನ್ಯಾಯವಲ್ಲ. ಬಯಲಿನ ಬಾಯಾರಿಕೆ ಸುಳ್ಳಲ್ಲ. ನೇತ್ರಾವತಿಯ ವಿಷಯದಲ್ಲಿಯೇ ಇದರ ದೊಡ್ಡ ಉದಾಹರಣೆ ಇದೆ. ಸಕಲೇಶಪುರದ ಬಳಿ ಎತ್ತಿನಹೊಳೆ ಮತ್ತು ಅದರ ನೆರೆಯ ಹೊಳೆಗಳು ಪಶ್ಚಿಮಕ್ಕೆ ಇಳಿದು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರುತ್ತವೆ. ಮಳೆಗಾಲದಲ್ಲಿ ಅವುಗಳಿಂದ 24 ಟಿಎಂಸಿ ನೀರೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿತ್ತು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಅಷ್ಟರಲ್ಲಿ ಅಂದಾಜು ವೆಚ್ಚ ಎಂಟು ಸಾವಿರ ಕೋಟಿಯಿಂದ ಇಪ್ಪತ್ತಮೂರು ಸಾವಿರ ಕೋಟಿ ರೂಪಾಯಿ ದಾಟಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಆ ಹಳ್ಳಗಳಲ್ಲಿ ಇರುವುದೇ 9.55 ಟಿಎಂಸಿ ಎಂದು ಲೆಕ್ಕ ಹಾಕಿ ಹೇಳಿತ್ತು. ಮಳೆಗಾಲದ ನೀರನ್ನಷ್ಟೇ ಒಯ್ಯುತ್ತೇವೆ, ಬೇಸಿಗೆಗೆ ಧಕ್ಕೆಯಿಲ್ಲ ಎನ್ನುತ್ತಾರೆ ಯೋಜನೆಯ ಪರವಾಗಿರುವವರು. ಕಾಲುವೆ, ಸುರಂಗ, ರಸ್ತೆಗಳಿಗಾಗಿ ಕಾಡು ಕಡಿದು ಗುಡ್ಡ ಅಗೆದರೆ ಬೇಸಿಗೆಯ ಒಸರಿಗೇ ಕುತ್ತು ಎನ್ನುತ್ತಾರೆ ವಿರೋಧಿಸುವವರು. ಕೋಲಾರದ ತಾಯಿಗೂ ಮಂಗಳೂರಿನ ತಾಯಿಗೂ ತುಂಬಿಸಬೇಕಾದದ್ದು ಕೊಡವೇ.

ಇದೆಲ್ಲ ದೂರದ ಮಾತು, ನಮಗೇನು ಎನ್ನುವಿರಾ? ಅಷ್ಟು ದೂರದ್ದಲ್ಲ. ಹಿರಣ್ಯಾಕ್ಷನನ್ನು ಕೊಂದು ದಣಿದು ಕುಳಿತ ವರಾಹಸ್ವಾಮಿಯ ಎರಡು ಕೋರೆಹಲ್ಲುಗಳಿಂದ ತುಂಗೆ, ಭದ್ರೆಯರು ಹುಟ್ಟಿದರು, ಕಣ್ಣಿನಿಂದ ನೇತ್ರಾವತಿ ಹುಟ್ಟಿದಳು ಎಂದು ನಮ್ಮ ಹಿರಿಯರು ಕಥೆ ಹೇಳುತ್ತಾರೆ. ಕಥೆಯ ಒಳಗೆ ಭೂಗೋಳವಿದೆ. ಮೂರೂ ನದಿಗಳ ತವರು ಕುದುರೆಮುಖದ ಸೀಮೆಯ ಒಂದೇ ಬೆಟ್ಟಸಾಲು. ಆ ಬೆಟ್ಟದ ಏಣಿನ ಈಚೆ ಬಿದ್ದ ಹನಿ ಶೃಂಗೇರಿ, ತೀರ್ಥಹಳ್ಳಿ, ಹರಿಹರ ದಾಟಿ ರಾಣೆಬೆನ್ನೂರು ತಾಲೂಕಿನ ಅಂಚಿಗೆ ಬರುತ್ತದೆ. ಆಚೆ ಬಿದ್ದ ಹನಿ ತುಂಬೆಗೆ ಹೋಗುತ್ತದೆ. ಹಾವೇರಿಯವರೂ ಮಂಗಳೂರಿನವರೂ ಕುಡಿಯುವುದು ಅಕ್ಕತಂಗಿಯರ ನೀರನ್ನು. ಕೊಡು-ಕೊಳ್ಳುವುದು ಅಡುಗೆಮನೆಯಲ್ಲಿಯೂ ಉಂಟು. ಬ್ಯಾಡಗಿಯ ಪೇಟೆಯಿಂದ ಹೊರಟ ಮೆಣಸಿನಕಾಯಿ ಘಟ್ಟ ಇಳಿದು ಮಂಗಳೂರಿನ ಸಾರಿಗೆ ಬಣ್ಣ ಕೊಡುತ್ತದೆ. ಆ ಮೆಣಸಿನಕಾಯಿಯೊಳಗೆ ನಮ್ಮ ಹೊಲದ ನೀರಿದೆ.

ಇನ್ನೂ ಒಂದು ಸಂಬಂಧವಿದೆ. ತುಂಬೆಯ ಮಟ್ಟ ಇಳಿದಾಗ ಮಂಗಳೂರು ಮೇಲಿನ ಅಣೆಕಟ್ಟಿನ ಕಡೆ ನೋಡುವಂತೆ, ತುಂಗಭದ್ರೆ ಬೇಸಿಗೆಯಲ್ಲಿ ಬಡವಾದಾಗ ನಾವು ಲಕ್ಕವಳ್ಳಿಯ ಕಡೆ ನೋಡುತ್ತೇವೆ. ಹಾವೇರಿ, ಗದಗ ಜಿಲ್ಲೆಗಳ ಕುಡಿಯುವ ನೀರಿಗಾಗಿ ಭದ್ರಾ ಜಲಾಶಯದಿಂದ ನದಿಗೆ ನೀರು ಬಿಡುವುದು ಹಲವು ಬೇಸಿಗೆಗಳಲ್ಲಿ ನಡೆದಿದೆ. ಆ ನೀರನ್ನು ತಮ್ಮ ಗದ್ದೆಗೆಂದು ಕಾದ ದಾವಣಗೆರೆ ಕಡೆಯ ರೈತರು ಬೇಸರಪಟ್ಟುಕೊಂಡದ್ದೂ ಉಂಟು. ನಾವು ಕುಡಿಯುವ ಪ್ರತಿ ಕೊಡದಲ್ಲಿ ಮೇಲಿನವರು ಬಿಟ್ಟುಕೊಟ್ಟ ಒಂದು ಪಾಲು ಇರುತ್ತದೆ. ಅದು ಗೊತ್ತಿದ್ದವರು ಇನ್ನೊಬ್ಬರ ನೀರಿನ ಬಗ್ಗೆ ಮಾತಾಡುವಾಗ ದನಿ ತಗ್ಗಿಸುತ್ತಾರೆ.

ಈಗ ಬೇಡ್ತಿ-ವರದಾ. ಹಾವೇರಿ ಜಿಲ್ಲೆಯ ಮಕ್ಕಳು ಈ ಹೆಸರನ್ನು ಕೇಳಿಯೇ ಇರುತ್ತೀರಿ. ಬೇಡ್ತಿ ಹುಟ್ಟುವುದು ಧಾರವಾಡ ಸೀಮೆಯಲ್ಲಿ. ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಅಂಕೋಲೆಯ ಕಡೆ ಕಡಲು ಸೇರುತ್ತಾಳೆ. ವರದೆ ಹುಟ್ಟುವುದು ಸಾಗರದ ಬಳಿ ವರದಾಮೂಲದಲ್ಲಿ. ಬನವಾಸಿಯನ್ನು ಬಳಸಿ, ಹಾವೇರಿ ತಾಲೂಕಿನ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಬೇಡ್ತಿಯ ಉಪನದಿಗಳಾದ ಶಾಲ್ಮಲಾ, ಪಟ್ಟಣದ ಹಳ್ಳ ಮೊದಲಾದವುಗಳಿಂದ ಸುಮಾರು 18.5 ಟಿಎಂಸಿ ನೀರನ್ನು ಎತ್ತಿ ವರದೆಗೆ ಸೇರಿಸಿ, ಹಾವೇರಿ ಮತ್ತು ಅದರಾಚೆಯ ಜಿಲ್ಲೆಗಳಿಗೆ ಒಯ್ಯಬೇಕೆಂಬುದು ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯ ಯೋಜನೆ. ನಮ್ಮ ಜಿಲ್ಲೆಯಲ್ಲಿ ಇದು ಬೇಕೆಂಬ ಒತ್ತಾಯವಿದೆ. ಉತ್ತರ ಕನ್ನಡದಲ್ಲಿ ಬೇಡವೆಂಬ ಹೋರಾಟವಿದೆ. ಹಿಂದೆ ಇದೇ ಬೇಡ್ತಿಗೆ ವಿದ್ಯುತ್ ಯೋಜನೆ ಬಂದಾಗ ಆ ಭಾಗದ ಜನ ವಿರೋಧಿಸಿ, 1980ರ ದಶಕದ ಆರಂಭದಲ್ಲಿ ಅದು ಕೈಬಿಟ್ಟುಹೋದ ಇತಿಹಾಸವೂ ಇದೆ. ಕಾರವಾರ, ಅಂಕೋಲೆಗಳಿಗೆ ಕುಡಿಯುವ ನೀರು ಬರುವುದು ಈ ಗಂಗಾವಳಿಯಿಂದಲೇ ಎಂಬುದನ್ನು ನಮ್ಮ ಸಭೆಗಳಲ್ಲಿ ಹೇಳುವವರು ಕಡಿಮೆ. ಮಂಗಳೂರಿಗೆ ತುಂಬೆ ಹೇಗೋ, ಅವರಿಗೆ ಗಂಗಾವಳಿ ಹಾಗೆ.

ಈ ವಿವಾದದಲ್ಲಿ ಯಾರು ಗೆಲ್ಲಬೇಕೆಂದು ತೀರ್ಪು ಕೊಡುವುದು ಈ ಅಂಕಣದ ಕೆಲಸವಲ್ಲ. ಆದರೆ ಒಂದು ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿನೋಡಬೇಕು. 2011ರ ಜನಗಣತಿಯಂತೆ ಹಾವೇರಿ ಪಟ್ಟಣದಲ್ಲಿ ಸುಮಾರು 67 ಸಾವಿರ, ರಾಣೆಬೆನ್ನೂರಿನಲ್ಲಿ ಲಕ್ಷಕ್ಕೂ ಮಿಕ್ಕಿ, ಬ್ಯಾಡಗಿಯಲ್ಲಿ 30 ಸಾವಿರದಷ್ಟು ಜನ. ಒಟ್ಟು ಎರಡು ಲಕ್ಷ. ಈಗ ಬೆಳೆದು ಮೂರು ಲಕ್ಷವಾಗಿದೆ ಎಂದೇ ಇಟ್ಟುಕೊಳ್ಳಿ. ಒಳಚರಂಡಿಯಿರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಕೊಡಬೇಕೆಂಬುದು ಸರ್ಕಾರದ ಮಾನದಂಡ. ಮೂರು ಲಕ್ಷ ಜನಕ್ಕೆ ದಿನಕ್ಕೆ ನಾಲ್ಕು ಕೋಟಿ ಲೀಟರು ಚಿಲ್ಲರೆ. ವರ್ಷಕ್ಕೆ ಸುಮಾರು 1,480 ಕೋಟಿ ಲೀಟರು. ಟಿಎಂಸಿಯಲ್ಲಿ ಹೇಳಿದರೆ ಅರ್ಧಕ್ಕಿಂತ ಒಂದಿಷ್ಟು ಹೆಚ್ಚು.

ಅರ್ಧ ಟಿಎಂಸಿ! ಮೂರೂ ಪಟ್ಟಣಗಳ ಪ್ರತಿ ಮನೆಗೂ ವರ್ಷವಿಡೀ ಮಾನದಂಡದಂತೆ ನೀರು ಕೊಡಲು ಬೇಕಾದುದು ಇಷ್ಟು. ಹದಿನೆಂಟೂವರೆ ಟಿಎಂಸಿಯ ಬಹುಪಾಲು ಬೇಕಾಗುವುದು ಹೊಲಕ್ಕೆ. ಹೊಲಕ್ಕೆ ನೀರು ಬೇಡವೆಂದಲ್ಲ, ರೈತನ ಬೇಡಿಕೆ ನ್ಯಾಯವಾದುದೇ. ಆದರೆ ಅದು ಬೇರೆ ಲೆಕ್ಕ, ಕುಡಿಯುವುದು ಬೇರೆ ಲೆಕ್ಕ. ಕುಡಿಯುವ ನೀರಿನ ಹೆಸರು ಹೇಳಿದಾಗ ಯಾರ ಬಾಯಿಂದಲೂ ಇಲ್ಲ ಎಂಬ ಮಾತು ಬರುವುದಿಲ್ಲ. ಅದಕ್ಕಾಗಿಯೇ ದೊಡ್ಡ ಯೋಜನೆಗಳಿಗೆಲ್ಲ ಆ ಹೆಸರನ್ನು ಮುಂದಿಡುತ್ತಾರೆ. ಯಾವುದೇ ನೀರಿನ ಯೋಜನೆಯ ಸುದ್ದಿ ಓದಿದಾಗ, ಇದರಲ್ಲಿ ಕೊಡಕ್ಕೆ ಎಷ್ಟು, ಕಾಲುವೆಗೆ ಎಷ್ಟು ಎಂದು ಬಿಡಿಸಿ ನೋಡುವ ಅಭ್ಯಾಸ ಮಕ್ಕಳಿಗೆ ಬರಬೇಕು. ಪಾಲಕರಿಗೂ ಬಂದರೆ ಇನ್ನೂ ಒಳ್ಳೆಯದು.

ಹಾಗಾದರೆ ಅರ್ಧ ಟಿಎಂಸಿ ಸಾಕಾಗುವ ನಮ್ಮ ಊರುಗಳಲ್ಲಿ ನಳಕ್ಕೆ ದಿನಗಟ್ಟಲೆ ಕಾಯುವುದೇಕೆ? ತುಂಗಭದ್ರೆ ಪಕ್ಕದಲ್ಲೇ ಹರಿಯುತ್ತಾಳೆ. ಆಕೆಯ ನೀರಿನಲ್ಲಿ ಅರ್ಧ ಟಿಎಂಸಿ ದೊಡ್ಡದೇನಲ್ಲ. ಇಲ್ಲಿಯೂ ಸಮಸ್ಯೆ ತುಂಬೆಯದೇ. ಬೇಕಾದ ದಿನ ನೀರು ಕೈಗೆಟುಕುವಂತೆ ಇಟ್ಟುಕೊಳ್ಳುವ ಜಾಗ, ಎತ್ತುವ ಪಂಪು, ಪಂಪಿಗೆ ತಪ್ಪದ ಕರೆಂಟು, ಶುದ್ಧೀಕರಣ ಘಟಕ, ಸೋರದ ಪೈಪು ಇವಿಷ್ಟೂ ಒಟ್ಟಿಗೆ ಇರಬೇಕು. ಇದರಲ್ಲಿ ಒಂದು ಕೈಕೊಟ್ಟರೂ ನದಿ ತುಂಬಿದ್ದಾಗಲೂ ನಳ ಒಣಗುತ್ತದೆ. ಮಂಗಳೂರಿನ ಲೆಕ್ಕವನ್ನೇ ನೋಡಿ. 2011ರಲ್ಲಿ ಆ ನಗರದ ಜನಸಂಖ್ಯೆ ಐದು ಲಕ್ಷಕ್ಕೆ ತುಸು ಕಡಿಮೆ. ಈಗ ಆರು ಲಕ್ಷವೆಂದರೂ ದಿನದ 16 ಕೋಟಿ ಲೀಟರನ್ನು ಹಂಚಿದರೆ ತಲೆಗೆ 266 ಲೀಟರು ಬೀಳುತ್ತದೆ. ಮಾನದಂಡದ ಹೆಚ್ಚುಕಡಿಮೆ ಇಮ್ಮಡಿ. ನೆರೆಯ ಊರುಗಳು, ಹೋಟೆಲು, ಆಸ್ಪತ್ರೆ, ಉದ್ಯಮಗಳು ಅದರಲ್ಲಿ ಪಾಲು ಪಡೆಯುತ್ತವೆ ನಿಜ. ದಾರಿಯಲ್ಲಿ ಸೋರಿಹೋಗುವುದೂ ಅದರಲ್ಲೇ ಸೇರಿದೆ. ಹೊಸ ನದಿ ಹುಡುಕುವ ಮೊದಲು ಹಳೆಯ ಪೈಪು ನೋಡಬೇಕು ಎಂಬ ಮಾತು ಆ ಊರಿಗೂ ಸಲ್ಲುತ್ತದೆ, ನಮ್ಮ ಊರುಗಳಿಗೂ ಸಲ್ಲುತ್ತದೆ.

ನೀರಿಗಾಗಿ ಕಡಲನ್ನೇ ಮೊರೆಹೊಕ್ಕವರೂ ಇದ್ದಾರೆ. ಮಂಗಳೂರಿನ ತೈಲ ಶುದ್ಧೀಕರಣ ಕಾರ್ಖಾನೆಯು 2019ರ ಬೇಸಿಗೆಯಲ್ಲಿ ನೀರಿಲ್ಲದೆ ತನ್ನ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಆಮೇಲೆ ಅದು ದಿನಕ್ಕೆ ಮೂರು ಕೋಟಿ ಲೀಟರ್ ಸಮುದ್ರದ ನೀರನ್ನು ಸಿಹಿಮಾಡುವ ಘಟಕವನ್ನು ಕಟ್ಟಿಕೊಂಡಿತು. ಘಟಕ ಇರುವ ಜಾಗದ ಹೆಸರು ತಣ್ಣೀರುಬಾವಿ. ಕಡಲ ನೀರನ್ನು ಹೀಗೆ ಸಿಹಿಮಾಡಲು ವಿದ್ಯುತ್ತು ಬಹಳ ಬೇಕು, ಖರ್ಚೂ ಬಹಳ. ಕಾರ್ಖಾನೆಗೆ ಅದು ನಡೆದೀತು, ಬಡವರ ಮನೆಯ ನಳಕ್ಕೆ ಕಷ್ಟ. ಆದರೆ ಕಾರ್ಖಾನೆ ಕಡಲಿನಿಂದ ಕುಡಿದಷ್ಟೂ ನದಿಯ ಸಿಹಿನೀರು ಮನೆಗಳಿಗೆ ಉಳಿಯುತ್ತದೆ ಎಂಬ ಲಾಭ ಇದ್ದೇ ಇದೆ.

ನಮಗಂತೂ ಕಡಲಿಲ್ಲ. ನಮ್ಮ ಹಿರಿಯರು ಕಂಡುಕೊಂಡ ದಾರಿ ಕೆರೆ. ಹಾವೇರಿಗೆ ಹೆಗ್ಗೇರಿ, ರಾಣೆಬೆನ್ನೂರು ತಾಲೂಕಿಗೆ ಐರಣಿ, ಕುಮುದ್ವತಿಗೆ ಕಟ್ಟಿದ ಮದಗ ಮಾಸೂರು, ಹಾನಗಲ್ಲ ಸೀಮೆಯಲ್ಲಿ ಧರ್ಮಾ ನದಿಯ ಕಾಲುವೆಗಳಿಂದ ತುಂಬುವ ಕೆರೆಗಳ ಸಾಲು. ಏಳೆಂಟು ನೂರು ಮಿಲಿಮೀಟರ್ ಮಳೆಯನ್ನು ಹನ್ನೆರಡು ತಿಂಗಳಿಗೆ ಹಂಚುವ ವಿದ್ಯೆ ಅದು. ಮೂರೂವರೆ ಸಾವಿರ ಮಿಲಿಮೀಟರ್ ಬೀಳುವ ಕಡೆಯೂ ಆ ವಿದ್ಯೆ ಇಲ್ಲದಿದ್ದರೆ ಬೇಸಿಗೆ ಕಳೆಯುವುದಿಲ್ಲ. ಕರಾವಳಿಯ ಹಳ್ಳಿಗರು ಮಳೆ ನಿಂತ ಮೇಲೆ ಕಲ್ಲುಮಣ್ಣಿನಿಂದ ಹಳ್ಳಗಳಿಗೆ ಹಾಕುತ್ತಿದ್ದ ‘ಕಟ್ಟ’ ಅದೇ ವಿದ್ಯೆಯ ಇನ್ನೊಂದು ರೂಪ. ತುಂಬೆಯ ಕಿಂಡಿ ಅಣೆಕಟ್ಟು ಅದರ ದೊಡ್ಡ ಕಾಂಕ್ರೀಟು ಮೊಮ್ಮಗ ಎನ್ನಬಹುದು. ಹೂಳು ತುಂಬಿದ ನಮ್ಮ ಕೆರೆಯೊಂದು ಹೊಂಡವಾದರೆ, ಅದರ ಅಂಗಳದಲ್ಲಿ ಮನೆ ಎದ್ದರೆ, ನಾವು ಅಷ್ಟರ ಮಟ್ಟಿಗೆ ಇನ್ನೊಬ್ಬರ ನದಿಯ ಕಡೆ ಕೈಚಾಚಬೇಕಾಗುತ್ತದೆ.

ಮನೆಯ ಮಟ್ಟದ ಲೆಕ್ಕವೊಂದನ್ನು ಹೇಳಿ ಮುಗಿಸುತ್ತೇನೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಒಂದು ಮಾಳಿಗೆ. ವರ್ಷಕ್ಕೆ 750 ಮಿಲಿಮೀಟರ್ ಮಳೆಯೆಂದರೆ ಅದರ ಮೇಲೆ ಬೀಳುವುದು 75 ಸಾವಿರ ಲೀಟರು. ಆರಿಹೋಗುವುದು, ಮೊದಲ ಮಳೆಯ ಕೊಳೆ ಎಂದು ಕಳೆದರೂ 60 ಸಾವಿರ ಲೀಟರಿಗೆ ಮೋಸವಿಲ್ಲ. ಐದು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 50 ಲೀಟರ್ ಸಾಕು. ಸೋಸಿ ಹಿಡಿದಿಟ್ಟ ಹತ್ತು ಸಾವಿರ ಲೀಟರಿನ ಒಂದು ತೊಟ್ಟಿ ಇನ್ನೂರು ದಿನ ನಡೆಯುತ್ತದೆ. ದೀಪಾವಳಿಗೆ ತುಂಬಿದ ತೊಟ್ಟಿ ಮುಂಗಾರಿನ ಹೊಸ್ತಿಲವರೆಗೆ ತಂದು ಬಿಡುತ್ತದೆ. ತೊಟ್ಟಿಗೆ ದುಡ್ಡು ಬೇಕು, ಎಲ್ಲರಿಗೂ ಸಾಧ್ಯವಿಲ್ಲ, ಒಪ್ಪಿದೆ. ಆದರೆ ಶಾಲೆಗಳ ಮಾಳಿಗೆ ಹತ್ತು ಮೀಟರಿಗಿಂತ ಬಹಳ ದೊಡ್ಡದು. ಅಲ್ಲಿಂದ ಆರಂಭಿಸಬಹುದು.

ರಜೆಯಲ್ಲಿ ಮಾಡಲು ವಿದ್ಯಾರ್ಥಿಗಳಿಗೆ ಮೂರು ಕೆಲಸ. ನಿಮ್ಮ ಮನೆಯ ನಳದ ನೀರು ಯಾವ ನದಿಯ ಯಾವ ಜಾಗದಿಂದ ಹೊರಡುತ್ತದೆ, ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ವಿಚಾರಿಸಿ ಒಂದು ನಕಾಶೆ ಬರೆಯಿರಿ. ನಿಮ್ಮ ಮನೆಯಲ್ಲಿ ಒಂದು ದಿನ ಎಷ್ಟು ಕೊಡ ಖರ್ಚಾಗುತ್ತದೆ ಎಂದು ಎಣಿಸಿ, ತಲೆಗೆ ಎಷ್ಟು ಲೀಟರ್ ಬಿತ್ತು ಎಂದು 135ರ ಪಕ್ಕ ಬರೆದು ನೋಡಿ. ನಿಮ್ಮ ಊರಿನ ಕೆರೆಗೆ ನೀರು ಬರುತ್ತಿದ್ದ ಹಳ್ಳ ಈಗ ಎಲ್ಲಿದೆ ಎಂದು ಅಜ್ಜ, ಅಜ್ಜಿಯರನ್ನು ಕೇಳಿ, ಅವರ ಜೊತೆ ಒಂದು ಸಲ ಹೋಗಿ ನೋಡಿ ಬನ್ನಿ. ಈ ಮೂರನ್ನೂ ಮಾಡಿದ ಹುಡುಗ, ಹುಡುಗಿ ಮುಂದೆ ‘ಸಮುದ್ರ ಸೇರುವ ನೀರು ವ್ಯರ್ಥ’ ಎಂದು ಪ್ರಬಂಧದಲ್ಲಿ ಬರೆಯುವ ಮೊದಲು, ಯಾರಿಗೆ ವ್ಯರ್ಥ, ಯಾವ ತಿಂಗಳಲ್ಲಿ ವ್ಯರ್ಥ ಎಂದು ಎರಡು ಪ್ರಶ್ನೆ ಕೇಳಿಕೊಳ್ಳುವರು.